ಅಕ್ಕನ ಪಿಕಪ್ಪಿಗೆ ಡೀಸೆಲ್ ಎಂಜಿನ್

ಎರ್ಣಾಕುಳಂ ಬಿಟ್ಟದ್ದು ಬೆಳಿಗ್ಗೆ ಆರಕ್ಕೆ. ತಿರುವನಂತಪುರಕ್ಕೆ ಇನ್ನೂರ ಇಪ್ಪತ್ತು ಕಿಲೋಮೀಟರ್. ಬಸ್ಸಿನಲ್ಲಿ ಹಾಯಾಗಿ ತೂಕಡಿಸಿಕೊಂಡು ಹೋಗಬಹುದಾಗಿದ್ದ ದಾರಿಯನ್ನು ನಾನು ಹಳೆಯ ಪೆಟ್ರೋಲ್ ಪಿಕಪ್ಪಿನ ಎಡಗಡೆ ಸೀಟಿನಲ್ಲಿ, ಕಾಲ ಬಳಿ ಜಾಕು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಕ್ರಮಿಸಿದೆ. ಸ್ಟಿಯರಿಂಗ್ ಹಿಡಿದವಳು ನನ್ನ ಅಕ್ಕ ವಾರಿಜ. ಮೂವತ್ತೆಂಟು ವರ್ಷ, ಐದಡಿ ಎತ್ತರ. ಬೆನ್ನ ಹಿಂದೆ ದಿಂಬು ಇಲ್ಲದಿದ್ದರೆ ಕ್ಲಚ್ಚಿಗೆ ಕಾಲು ಎಟುಕದು.

ನಾವು ಕಾಸರಗೋಡಿನವರು. ನಾನು ಎರ್ಣಾಕುಳಂನ ಒಂದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತ. ಭಾವನದು ಅದೇ ಊರಿನ ನರ್ಸಿಂಗ್ ಹೋಮುಗಳಿಗೆ ಆಕ್ಸಿಜನ್ ಸಿಲಿಂಡರ್ ಮುಟ್ಟಿಸುವ ವ್ಯವಹಾರ. ಎರಡು ವರ್ಷದ ಹಿಂದೆ ಅವರ ಬೆನ್ನು ಕೈಕೊಟ್ಟಿತು. ಇಟ್ಟುಕೊಂಡ ಡ್ರೈವರು ಹೇಳದೆ ಕೇಳದೆ ಊರಿಗೆ ಹೋದ. ಆಸ್ಪತ್ರೆಯವರು ಕಾಯುವುದಿಲ್ಲವಲ್ಲ! ಮನೆಯ ಅಂಗಳದಲ್ಲಿ ಗಾಡಿ ಹಿಂದೆ ಮುಂದೆ ಮಾಡಿ ಕಲಿತು ಲೈಸೆನ್ಸ್ ತೆಗೆದಿಟ್ಟಿದ್ದ ಅಕ್ಕ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಅಂದಿನಿಂದ ಅವಳೇ ಡ್ರೈವರು. "ಮಗಳು ಲಾರಿ ಬಿಡುತ್ತಾಳಂತೆ ಅಂತ ಜನ ಕೇಳುತ್ತಾರೆ, ನಾನು ತಲೆ ಎತ್ತಿ ನಡೆಯುವುದು ಹೇಗೆ?" ಎಂದು ಊರಿನಿಂದ ಅಪ್ಪನ ಕಾಗದಗಳು ಬರತೊಡಗಿದವು, ಎಲ್ಲವೂ ನನ್ನ ಹೆಸರಿಗೆ.

ಅಷ್ಟರಲ್ಲಿ ಪೆಟ್ರೋಲಿನ ದರ ಏರಿತು. ಡೀಸೆಲಿಗೆ ಅದರ ಅರ್ಧಕ್ಕಿಂತ ಕಡಿಮೆ. ಆಗ ಊರಿಗೆಲ್ಲ ಒಂದೇ ಮಾತು: ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿ. ತಿರುವನಂತಪುರದ ಕರಮನದಲ್ಲಿ ಆ ಕೆಲಸ ಅಚ್ಚುಕಟ್ಟಾಗಿ ಮಾಡುವ ಒಬ್ಬ ಮೇಸ್ತ್ರಿ ಇದ್ದಾರೆಂದು ತಿಳಿಯಿತು. ನಾನು ಒಂದು ಹಾಳೆಯಲ್ಲಿ ಎರಡು ಕಲಂ ಎಳೆದು ಎರಡು ಎಂಜಿನ್‌ಗಳ ಗುಣದೋಷ ಬರೆದೆ. ಬರೆಯದೆ ಬಿಟ್ಟದ್ದು ಒಂದೇ. ಡೀಸೆಲ್ ಎಂಜಿನ್ ತೂಕದ್ದು, ಮುಂಭಾಗ ಭಾರವಾಗಿ ಸ್ಟಿಯರಿಂಗ್ ತಿರುಗಿಸಲು ತೋಳಿನಲ್ಲಿ ಬಲ ಬೇಕು, ಅಕ್ಕನಿಂದ ಆಗದು, ಆಗ ಅವಳು ತಾನಾಗಿ ಸೀಟು ಬಿಡುತ್ತಾಳೆ. ಎರ್ಣಾಕುಳಂನ ತೇವರದಲ್ಲಿರುವ ವರ್ಗೀಸ್ ಎಂಬ ಡ್ರೈವರಿಗೆ ಬರುವ ತಿಂಗಳಿನಿಂದ ಬಾ ಎಂದು ಮಾತನ್ನೂ ಕೊಟ್ಟಿದ್ದೆ. ಅಪ್ಪನಿಗೆ ತಿಳಿಸಿದೆ. ಅಕ್ಕನಿಗೆ, ಭಾವನಿಗೆ ತಿಳಿಸಲಿಲ್ಲ. ಎಂಥ ಬುದ್ಧಿವಂತ ನಾನು!

ತೋಪ್ಪುಂಪಡಿ, ಅರೂರು ದಾಟಿ ಚೇರ್ತಲದಲ್ಲಿ ಚಾಯ ಕುಡಿದೆವು, ಇಪ್ಪತ್ತೈದು ಪೈಸೆ. ಆಲಪ್ಪುಳದಲ್ಲಿ ಕಾಲುವೆಯುದ್ದಕ್ಕೂ ನೆನೆದ ತೆಂಗಿನ ನಾರಿನ ವಾಸನೆ. ಅಲ್ಲಿ ಪುಟ್ಟು, ಕಡಲೆ ಗಸಿ ತಿಂದು ಹೊರಟರೆ ತುಲಾಮಾಸದ ಹಿಂಗಾರು ಮಳೆ ಹಿಡಿದುಕೊಂಡಿತು. ಹರಿಪ್ಪಾಡಿನ ಆಚೆ ರಸ್ತೆಯ ಮೇಲೆ ಮೊಣಕಾಲುದ್ದ ನೀರು. ನಡು ನೀರಿನಲ್ಲಿ ನಮ್ಮ ಗಾಡಿ ಕೆಮ್ಮಿ ನಿಂತಿತು. ಪಕ್ಕದಲ್ಲೇ ಒಂದು ಡೀಸೆಲ್ ಲಾರಿ ನಮಗೆ ಕೆಸರು ಎರಚಿ ಗಂಭೀರವಾಗಿ ದಾಟಿ ಹೋಯಿತು.

ಅಕ್ಕ ಇಳಿದು ಬಾನೆಟ್ ಎತ್ತಿದಳು. "ಸೀನ, ನಿನ್ನ ಚೀಲದಲ್ಲಿ ಒಗೆದ ಪಂಚೆ ಉಂಟಲ್ಲ, ತಾ."

"ಅದು ನಾಳೆ ಉಡಲಿಕ್ಕೆ ಮಾರಾಯ್ತಿ!"

"ನಾಳೆಯ ಮಾತು ನಾಳೆಗೆ. ತಾ ಇಲ್ಲಿ."

ನನ್ನ ಪಂಚೆಯಿಂದ ಕರೆಂಟಿನ ವಯರುಗಳ ಬುಡ, ಪ್ಲಗ್ಗು ಎಲ್ಲ ಒರೆಸಿ, ಹ್ಯಾಂಡಲ್ ಹಾಕಿ ತಿರುಗಿಸಿದಳು. ಮೂರನೆಯ ಸುತ್ತಿಗೆ ಎಂಜಿನ್ ಹೊತ್ತಿಕೊಂಡಿತು. ಸೀಟಿಗೆ ಬಂದು ಕೂದಲು ಹಿಂಡುತ್ತಾ ಹೇಳಿದಳು: "ಡೀಸೆಲಿಗೆ ಕರೆಂಟಿನ ಕಿಡಿ ಬೇಡ. ಹಾಗಾಗಿ ನೀರಿನ ಕಾಟ ಕಮ್ಮಿ. ಬರೆದುಕೋ ನಿನ್ನ ಹಾಳೆಯಲ್ಲಿ."

ಅವಳಿಗೆ ಪೆಟ್ರೋಲ್ ಎಂಜಿನ್ ಮೇಲೆ ಪ್ರಾಣ. ಅದರ ಪ್ರತಿ ಸ್ಕ್ರೂ ಗೊತ್ತು. ಆದರೂ ಅದರ ದೋಷವನ್ನು ಅವಳೇ ಬರೆಸಿದಳು. ಇಂಥ ನ್ಯಾಯ ನಮ್ಮ ಕಚೇರಿಯ ಯಾವ ಕಡತದಲ್ಲೂ ನಾನು ಕಂಡಿಲ್ಲ.

ಕೊಲ್ಲಂನಲ್ಲಿ ಕುಚ್ಚಲಕ್ಕಿ ಅನ್ನ, ಅವಿಯಲ್ ಉಂಡು ಸಂಜೆ ನಾಲ್ಕಕ್ಕೆ ಕರಮನ ಮುಟ್ಟಿದೆವು. ಮೇಸ್ತ್ರಿಯನ್ನು ಅಲ್ಲಿ ಎಲ್ಲರೂ ಆಶಾನ್ ಎಂದು ಕರೆಯುತ್ತಿದ್ದರು, ಗುರುಗಳು ಎಂದಂತೆ. ಅರುವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಓಡುತ್ತಿದ್ದ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿ, "ಇದನ್ನು ಯಾರೋ ಮಗುವಿನ ಹಾಗೆ ಸಾಕಿದ್ದಾರೆ" ಎಂದು ಮಲಯಾಳದಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಸಾರ್, ಡ್ರೈವರ್ ಎಲ್ಲಿ? ಡೀಸೆಲ್ ಗಾಡಿಯ ನಾಲ್ಕು ಕೆಲಸ ಅವನಿಗೆ ಕಲಿಸಬೇಕು."

ಅಕ್ಕ ಕೈ ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಕೊನೆಗೆ ಅವಳೇ, "ನಾನೇ ಆಶಾನ್" ಎಂದಳು.

ಆಶಾನ್ ಹುಬ್ಬೇರಿಸಲಿಲ್ಲ, ನಗಲಿಲ್ಲ. ಅಕ್ಕ ಎಂದು ಮರ್ಯಾದೆಯಿಂದ ಕರೆದು, "ಮುಂದೆ ಭಾರ ಜಾಸ್ತಿ ಚೇಚಿ, ಕೈ ನೋಯುತ್ತದೆ" ಎಂದರು.

"ನೋಯಲಿ. ಕಲಿಸಿ."

"ನಾಳೆ ಎಂಟಕ್ಕೆ ಬನ್ನಿ."

ಹತ್ತಿರದ ಪೂಜಪ್ಪುರದಲ್ಲಿ ಮೈಸೂರು ಕಡೆಯ ನನ್ನ ಸ್ನೇಹಿತನ ಮನೆಯಲ್ಲಿ ನಾಲ್ಕು ದಿನ ಉಳಿದೆವು. ಅಕ್ಕ ದಿನವೂ ಎಂಟಕ್ಕೆ ಸರಿಯಾಗಿ ವರ್ಕ್‌ಶಾಪಿನಲ್ಲಿ. ಡೀಸೆಲಿನ ಪೈಪಿನೊಳಗೆ ಗಾಳಿ ಸೇರಿದರೆ ಎಂಜಿನ್ ನಿಂತುಹೋಗುತ್ತದೆ. ಆಗ ಫಿಲ್ಟರಿನ ಬಳಿ ಒಂದು ನಟ್ಟು ಸಡಿಲಿಸಿ, ಕೈಪಂಪು ಒತ್ತುತ್ತಾ, ನೊರೆ ನಿಂತು ಬರೀ ಎಣ್ಣೆ ಬರುವವರೆಗೂ ತಾಳ್ಮೆಯಿಂದ ಗಾಳಿ ಬಿಡಬೇಕು. ಆಶಾನ್ ಬೇಕೆಂದೇ ಮೂರು ಸಲ ಗಾಳಿ ಹೊಗಿಸಿದರು. ಅವಳು ಮೂರು ಸಲವೂ ಬಿಡಿಸಿದಳು. ಇಬ್ಬರೂ ಕೆಲಸ ಮಾಡುವುದನ್ನು ಸ್ಟೂಲಿನ ಮೇಲೆ ಕೂತು ನೋಡಿದೆ. ಅನಾವಶ್ಯಕ ಮಾತು ಒಂದಿಲ್ಲ, ಅವಸರವಿಲ್ಲ. ನೋಡಲೇ ಹಿತವಾಗಿತ್ತು.

ನಾಲ್ಕನೆಯ ದಿನ, ಕೂರಿಸಿದ ಹೊಸ ಎಂಜಿನ್ ಪರೀಕ್ಷೆಗೆಂದು ತುಂಬಾ ಎಂಬ ಕಡಲತೀರದ ಊರಿನ ಕಡೆ ಹೋದೆವು. ಮರಳು ರಸ್ತೆ, ಒಂದು ಕಡೆ ರಾಕೆಟ್ ಕೇಂದ್ರದ ನೌಕರರ ಬಸ್ಸು, ಇನ್ನೊಂದು ಕಡೆ ಮೀನಿನ ಬುಟ್ಟಿ ಹೊತ್ತ ಹೆಂಗಸರು. ತಿರುವಿನಲ್ಲಿ ಅಕ್ಕ ಹೆಚ್ಚುಕಡಿಮೆ ಎದ್ದು ನಿಂತು ಸ್ಟಿಯರಿಂಗ್ ಎಳೆಯುತ್ತಿದ್ದಳು. ಮುಖ ಕೆಂಪು, ರವಿಕೆ ಒದ್ದೆ. "ಓಡಿಕ್ಕ್ ಮೋಳೇ!" ಓಡಿಸು ಮಗಳೇ, ಎಂದು ಒಬ್ಬ ಮುದುಕಿ ಕೂಗಿ ಕೈ ಬೀಸಿದಳು. ಅಕ್ಕ ಹಾರ್ನ್ ಹೊಡೆದು ನಕ್ಕಳು. ಗಾಡಿ ನಿಲ್ಲಿಸಿದಾಗ ನೋಡಿದೆ, ಎರಡೂ ಅಂಗೈಯಲ್ಲಿ ಬೊಕ್ಕೆ.

ವರ್ಕ್‌ಶಾಪಿನ ಮೂಲೆಯಲ್ಲಿ ಹಳೆಯ ಎಂಜಿನ್ ಇನ್ನೂ ಇತ್ತು. "ಮನಸ್ಸಿಲ್ಲದಿದ್ದರೆ ಹೇಳಿ ಚೇಚಿ, ಇದನ್ನೇ ಮತ್ತೆ ಕೂರಿಸಿ ಕೊಡುತ್ತೇನೆ" ಎಂದರು ಆಶಾನ್. ಅಕ್ಕ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ಇದು ಒಂದು ದಿನವೂ ನನ್ನನ್ನು ನಡುದಾರಿಯಲ್ಲಿ ಪೂರ್ತಿ ಕೈಬಿಡಲಿಲ್ಲ ಸೀನ. ಆದರೆ ಪ್ರೀತಿ ಅಂತ ಇದನ್ನೇ ಇಟ್ಟುಕೊಂಡರೆ ಆರು ತಿಂಗಳಲ್ಲಿ ಗಾಡಿ ಮಾರಬೇಕು. ಮತ್ತೆ ನಾನು ಎಂತ ಓಡಿಸುವುದು?" ಎದ್ದು ನಿಂತಳು. "ಡೀಸೆಲೇ ಇರಲಿ ಆಶಾನ್."

ಅವಳ ಕಣ್ಣು ತುಂಬಿತ್ತು. ಆಶಾನ್ ಎರಡು ಸ್ಪ್ಯಾನರ್ ತಂದು ಅವಳ ಕೈಗೆ ಕೊಟ್ಟು, "ಇದು ನನ್ನ ಲೆಕ್ಕದಲ್ಲಿ" ಎಂದರು.

ಮರಳುವ ದಾರಿಯಲ್ಲಿ ಮಾತಾಡುವುದೇ ಕಷ್ಟವಾಯಿತು, ಅಷ್ಟು ಸದ್ದು. ಕರುನಾಗಪ್ಪಳ್ಳಿಯ ಹತ್ತಿರ ಎಂಜಿನ್ ತಡವರಿಸಿ ನಿಂತಿತು. ಅಕ್ಕ ಬೊಕ್ಕೆಗೆ ಬಟ್ಟೆ ಸುತ್ತಿಕೊಂಡು, ಸ್ಪ್ಯಾನರ್ ಹಿಡಿದು ಇಳಿದಳು. ನಾನು ಕೈ ಹಾಕಹೋದರೆ ಗದರಿದಳು. ಇಪ್ಪತ್ತು ನಿಮಿಷ. ನೊರೆ ನಿಂತಿತು, ಎಣ್ಣೆ ಬಂತು, ಎಂಜಿನ್ ಗುಡುಗಿತು. ಹೆಮ್ಮೆ ಮತ್ತು ನಾಚಿಕೆ ಒಟ್ಟಿಗೆ ನುಗ್ಗಿ ನನಗೆ ತಡೆಯಲಾಗಲಿಲ್ಲ.

"ಅಕ್ಕ, ನಾನು ವರ್ಗೀಸನಿಗೆ ಮಾತು ಕೊಟ್ಟಿದ್ದೇನೆ" ಎಂದೆ.

"ಎಂತದು? ಕೇಳಲಿಲ್ಲ!"

"ನಿನ್ನ ಸೀಟಿಗೆ ವರ್ಗೀಸನನ್ನು ಗೊತ್ತು ಮಾಡಿದ್ದೇನೆ!"

"ಜೋರಾಗಿ ಹೇಳು ಮಾರಾಯ!"

ಹೆದ್ದಾರಿಗೆಲ್ಲ ಕೇಳುವಂತೆ ಕಿರುಚಿದೆ. ಅಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತುಂಟು. ಪಾಪ, ಒಳ್ಳೆ ಮನುಷ್ಯ. ಹೊರಡುವ ಹಿಂದಿನ ದಿನ ಮನೆಗೆ ಬಂದು, ಚೇಚಿಗೆ ಒಪ್ಪಿಗೆಯಾ ಅಂತ ಕೇಳಿದ."

"ಮತ್ತೆ ನೀನು ಯಾಕೆ ಸುಮ್ಮನಿದ್ದೆ?"

"ನೀನೇ ಬಾಯಿ ಬಿಟ್ಟು ಹೇಳುತ್ತೀಯಾ ಅಂತ ಕಾದೆ. ಹೋಗುವಾಗ ಇನ್ನೂರ ಇಪ್ಪತ್ತು ಕಿಲೋಮೀಟರ್ ಕಾದೆ. ಆಶಾನ್ ಕೇಳಿದಾಗಲೂ ಕಾದೆ."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಆಲಪ್ಪುಳದಲ್ಲಿ ಚಾಯ ಮಾತ್ರ ಕೊಡಿಸಿದಳು.

ಸಂಜೆ ತೇವರದಲ್ಲಿ ಒಂದು ಓಣಿಯ ಬಾಯಿಗೆ ಗಾಡಿ ನಿಂತಿತು. "ಇಳಿ. ಅವನ ಮನೆ ಒಳಗೆ ಮೂರನೆಯದ್ದು. ಸೀಟು ಖಾಲಿ ಇಲ್ಲ ಅಂತ ಹೇಳಿ, ತಪ್ಪಾಯ್ತು ಅಂತಲೂ ಹೇಳಿ ಬಾ. ಅವನು ಬೇರೆ ಕೆಲಸ ಹುಡುಕಿಕೊಳ್ಳಬೇಕಲ್ಲ."

"ನೀನೂ ಬಾ ಅಕ್ಕ."

"ಮಾತು ಕೊಟ್ಟದ್ದು ನೀನು. ನಾನು ಇಲ್ಲೇ ಇರುತ್ತೇನೆ, ಎಂಜಿನ್ ಆಫ್ ಮಾಡುವುದಿಲ್ಲ."

ಇಳಿದು ನಡೆದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ಅಕ್ಕ ದಿಂಬಿಗೆ ಒರಗಿ, ಬಟ್ಟೆ ಸುತ್ತಿದ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಕೂತಿದ್ದಳು. ಮುಂದೆ ನಡೆ ಎಂದು ಗದ್ದ ಎತ್ತಿ ತೋರಿಸಿದಳು. ಮೂರನೆಯ ಮನೆಯ ಬಾಗಿಲು ತಟ್ಟುವವರೆಗೂ ಆ ಡೀಸೆಲಿನ ಸದ್ದು ನನ್ನ ಬೆನ್ನ ಹಿಂದೆಯೇ ಇತ್ತು.