ಕೆಚ್ಚಲು ನೋಡಿ ಸೀಟು ಕೊಟ್ಟ ಕಾಲೇಜು

ಹಾಲು ಸೀದ ವಾಸನೆ ಬಂತು... ಫೋನಲ್ಲಿ ಬರೆಯುವುದನ್ನು ಮೊಮ್ಮಗಳು ಹೊಸದಾಗಿ ಕಲಿಸಿಕೊಟ್ಟಿದ್ದಾಳೆಂದು ಒಂದೇ ಬೆರಳಲ್ಲಿ ಕುಟ್ಟುತ್ತಾ ಒಲೆಯನ್ನೇ ಮರೆತಿದ್ದೆ. ಆ ವಾಸನೆಯ ಹಿಂದೆಯೇ ನಮ್ಮ ಡೇರಿ ಮೇಡಂ ಒಳಗೆ ಬಂದಂತಾಯಿತು.

ಕಿಕ್ಕೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಕೆ ಬಾಡಿಗೆಗಿದ್ದಳು. ನಾಗಮಂಗಲದ ಕಡೆಯವಳು. ಸುತ್ತಲ ಹಳ್ಳಿಗಳ ಹಾಲಿನ ಡೇರಿ ನೋಡಿಕೊಳ್ಳುವ ಕೆಲಸ. ತನ್ನ ಹತ್ತಿರ ಕೆಲಸ ಕಲಿತ ಹುಡುಗರೇ ಎಂಬಿಎ ಮಾಡಿ ಮ್ಯಾನೇಜರಾಗಿ ಬಂದು ಕೂತಾಗ, ತಾನೂ ಓದಬೇಕೆಂದು ಹಟ ಹಿಡಿದಳು. ಪುಸ್ತಕ ಕೈಗೆ ಬಂದರೆ ಒಲೆ ಮೇಲಿನ ಹಾಲು ಸೀದಂತೆಯೇ. ಊರೂರ ಹಾಲು ಕಾಯುವವಳಿಗೆ ಮನೆಯ ಅರ್ಧ ಲೀಟರು ಕಾಯಲಾಗುತ್ತಿರಲಿಲ್ಲ!

"ಅದೆಂಥಾ ಓದವ್ವ, ತಿಕ್ಕಿ ತಿಕ್ಕಿ ಪಾತ್ರೆ ತೂತಾಯ್ತದೆ" ಎಂದು ಕೆಣಕಿದೆ.

"ಎಲ್ಡು ದಾರಿ ಅವೆ ಕಣಕ್ಕ. ಫುಲ್ ಟೈಮ್ ಅಂದ್ರೆ ಕೆಲ್ಸ ಬುಟ್ಟು ಓಗ್ಬೇಕು. ದೊಡ್ಡ ಪರೀಕ್ಷೆ, ಎಳೇ ಹುಡುಗ್ರ ನೂಕಾಟ. ಎಲ್ಡು ಸಲ ಬರ್ದೆ, ಆಗ್ನಿಲ್ಲ. ಎಕ್ಸಿಕ್ಯೂಟಿವ್ ಅಂದ್ರೆ ಕೆಲ್ಸದಲ್ಲಿದ್ಕೊಂಡೇ ಓದಾದು. ನೂಕಾಟ ಕಮ್ಮಿ. ಆದ್ರೆ ಎದುರ್ಗೆ ಕೂರುಸ್ಕೊಂಡು, ಇಷ್ಟು ವರ್ಷ ಏನ್ ಕಡ್ದೆ ಅಂತ ಕೇಳ್ತರೆ. ಆಫೀಸ್ನೋರು ಈ ವರ್ಷಕ್ಕೆ ಮಾತ್ರ ಒಪ್ಪವ್ರೆ. ಇದೂ ಕೈತಪ್ಪುದ್ರೆ ಮುಗೀತು."

"ಅಂಗಾದ್ರೆ ದನದ ಸಂತೆನೇ ಬುಡು! ಇನ್ನೂ ಈಯದ ಕಡಸಿಗೆ ಹಲ್ಲು ನೋಡ್ತರೆ, ಕರೆಯೋ ಹಸುಗೆ ಕೂತು ಕರ್ದೇ ನೋಡ್ತರೆ. ಎಲ್ಡೂ ಕಷ್ಟನೇ."

ಸಂತೆಗೆ ಹಸು ಹೊಡೆಯುವವರು ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಡುತ್ತಾರೆ; ಕೆಚ್ಚಲು ದಪ್ಪಗೆ ಕಾಣಲಿ ಎಂದು. ನೀನೂ ಹಾಗೇ ಮಾಡು, ‘ಡೇರಿಯೆಲ್ಲ ನನ್ನ ತಲೆ ಮೇಲೇ ನಡೆಯುತ್ತದೆ’ ಅನ್ನು ಎಂದು ಹೇಳಿಕೊಟ್ಟೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮೈಸೂರಲ್ಲಿ ಇಂಟರ್‌ವ್ಯೂ. ಸಂಜೆ ಬಸ್ಸಿಳಿದು ಬಂದಳು. ಕಬ್ಬಿನ ಗದ್ದೆಯ ಮೇಲೆ ಮಂಜೋ, ಆಲೆಮನೆಯ ಹೊಗೆಯೋ ತೇಲುತ್ತಿತ್ತು. ಅದರೊಳಗಿಂದಲೇ ಆಕೆ ಮೂಡಿ ಬಂದ ಹಾಗೆ ನನ್ನ ನೆನಪು...

"ಏನ್ ಕೇಳುದ್ರೆ?"

"ಮರೀಲಾರದ ಕೆಲ್ಸ ಯಾವ್ದು ಅಂದ್ರು. ನಾನು ಲಾರಿನ ತಪ್ಪು ದಾರಿಗೆ ಕಳ್ಸಿ ಒಂದೂರ ಹಾಲೆಲ್ಲ ಒಡ್ದೋಯ್ತಲ್ಲ, ಅದ್ನೇ ಏಳ್ದೆ. ಮನೆಮನೆಗೋಗಿ ಬೈಸ್ಕೊಂಡಿದ್ನೂ ಏಳ್ದೆ."

"ಅಯ್ಯೋ ನಿನ್ನ! ಕೆಚ್ಚಲು ತುಂಬ್ಕೊಂಡೋಗು ಅಂದ್ರೆ ಬರಿಗೆಚ್ಚಲು ತೋರ್ಸ್ಬುಟ್ಟು ಬಂದಿದ್ದೀಯಲ್ಲೇ!"

ಆದರೂ ಆ ಬರಿಗೆಚ್ಚಲಿಗೇ ಸೀಟು ಸಿಕ್ಕಿತು. ಆ ಸಂತೋಷದಲ್ಲಿ ಪಾಯಸಕ್ಕಿಟ್ಟ ಹಾಲನ್ನೂ ಸೀಸಿದಳು.

ಓದು ಮುಗಿಸಿ ಮ್ಯಾನೇಜರಾಗಿ ದೂರದೂರಿಗೆ ಹೋದಳು. "ಇವತ್ತೂ ಹಾಲು ಸೀದೋಯ್ತು ಅಕ್ಕ" ಎಂದು ಫೋನಿಗೆ ಬರೆದು ಕಳಿಸುತ್ತಿದ್ದಳು. ಬರೆಯಲು ಬಾರದ ನಾನು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. ಹೋದ ವರ್ಷ, ಕಾಯಿಲೆಯಲ್ಲಿ ತೀರಿಕೊಂಡಳೆಂದು ಯಾರೋ ಹೇಳಿದರು... 

ಇವತ್ತು ಸೀದದ್ದು ನನ್ನ ಒಲೆಯಲ್ಲಿ. ಬರೆದು ಕಳಿಸಲು ಈಗ ನನಗೂ ಬರುತ್ತದೆ.

ವಾಸನೆ ಹೋಗಲೆಂದು ಮೊಮ್ಮಗಳು ಕಿಟಕಿ ತೆರೆದಳು. "ವಸಿ ಹೊತ್ತು ಇರ್ಲಿ ಬುಡೆ" ಎಂದು ಮುಚ್ಚಿಸಿದೆ.