ನೆಲದಡಿಯ ನೀರಿನ ಸದ್ದು

ನಗರಸಭೆಯ ನೀರು ಸರಬರಾಜು ವಿಭಾಗದಲ್ಲಿ ಅವಳು ಎಲ್ಲರಿಗೂ ಕೋಲಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಆ ಹೆಸರು ಹಿಡಿದು ಯಾರಾದರೂ ಹುಡುಕಿಕೊಂಡು ಬಂದರೆ ಬಾಗಿಲ ಕಾವಲುಗಾರ ತಲೆ ಕೆರೆದುಕೊಂಡು, "ಅಂಥವರು ಯಾರೂ ಇಲ್ಲಿ ಇಲ್ವಲ್ಲ" ಎಂದು ವಾಪಸು ಕಳಿಸಿಬಿಡುತ್ತಿದ್ದ.

ಅವಳ ಗಂಡ ಅದೇ ವಿಭಾಗದಲ್ಲಿ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದವನು. ಜ್ವರವೆಂದು ಮಲಗಿದವನು ಮೇಲೇಳಲಿಲ್ಲ. ಅನುಕಂಪದ ಮೇಲೆ ಅವಳಿಗೆ ನೌಕರಿ ಸಿಕ್ಕಿತು. ನೌಕರಿಯೆಂದರೆ ಈ ಮೇಜಿನ ಕಡತ ಆ ಮೇಜಿಗೆ ಒಯ್ಯುವುದು, ಹನ್ನೊಂದಕ್ಕೊಮ್ಮೆ ನಾಲ್ಕಕ್ಕೊಮ್ಮೆ ಟೀ ಹಂಚುವುದು. ಮೂರು ವರ್ಷ ತುಟಿಪಿಟಕ್ಕೆನ್ನದೆ ಅದನ್ನೇ ಮಾಡಿದಳು.

ಆ ಕಚೇರಿಯಲ್ಲಿ ಒಬ್ಬ ಹಳೆಯ ಫಿಟ್ಟರ್ ಇದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು, ಮಂಡಿ ಎರಡೂ ಸವೆದಿದ್ದವು, ಇಡೀ ವಿಭಾಗಕ್ಕೇ ಅವರು ದೊಡ್ಡಪ್ಪ. ಒಂದು ಮಧ್ಯಾಹ್ನ ಅವರ ಲೋಟಕ್ಕೆ ಟೀ ಬಗ್ಗಿಸುತ್ತಿದ್ದವಳು ಥಟ್ಟನೆ ಕೈ ತಡೆದು, "ದೊಡ್ಡಪ್ಪಾ, ಉಗ್ರಾಣದ ನಲ್ಲಿ ಯಾರೋ ಸರಿಯಾಗಿ ನಿಲ್ಲಿಸಿಲ್ಲ" ಎಂದಳು. ಉಗ್ರಾಣವಿದ್ದದ್ದು ಎರಡು ಗೋಡೆಗಳ ಆಚೆ. ತಲೆಯ ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. ದೊಡ್ಡಪ್ಪ ಎದ್ದು ಕುಂಟುತ್ತ ಹೋಗಿ ನೋಡಿದರೆ ನಲ್ಲಿ ನಿಜಕ್ಕೂ ತೊಟ್ಟಿಕ್ಕುತ್ತಿತ್ತು.

ವಾಪಸು ಬಂದವರೇ, "ಏನಮ್ಮಾ, ಇಂಥ ಕಿವಿ ಇಟ್ಕೊಂಡು ಟೀ ಹಂಚ್ತಾ ಇದೀಯಲ್ಲ!" ಎಂದರು.

"ಟೀ ಹಂಚೋಕೆ ತಾನೇ ಸಂಬಳ ಕೊಡೋದು ದೊಡ್ಡಪ್ಪಾ."

"ನಾಳೆಯಿಂದ ಬೆಳಗ್ಗೆ ಆರಕ್ಕೆ ಬಾ. ಟೀ ಹೊತ್ತಿಗೆ ನಿನ್ನ ಬಿಟ್ಟುಕೊಡ್ತೀನಿ."

ಅವರ ಹತ್ತಿರ ಸೊಂಟದೆತ್ತರದ ಒಂದು ಕಬ್ಬಿಣದ ಕೋಲಿತ್ತು. ಒಂದು ತುದಿಗೆ ಮರದ ಪುಟ್ಟ ಬಟ್ಟಲಿನಂಥದ್ದು ಕೂರಿಸಿತ್ತು. ಇನ್ನೊಂದು ತುದಿಯನ್ನು ಪೈಪಿಗೋ ವಾಲ್ವಿಗೋ ತಾಗಿಸಿ ಬಟ್ಟಲಿಗೆ ಕಿವಿಯೊತ್ತಬೇಕು. "ಓಡೋ ನೀರು ಮಾತಾಡ್ಕೊಂಡು ಹೋಗುತ್ತೆ. ಸೋರೋ ನೀರು ಹಲ್ಲು ಕಚ್ಕೊಂಡು ಸ್ ಅನ್ನುತ್ತೆ. ಅಷ್ಟೇ ವಿದ್ಯೆ, ಮಿಕ್ಕಿದ್ದೆಲ್ಲ ತಾಳ್ಮೆ" ಎನ್ನುತ್ತಿದ್ದರು. ಪೇಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತಿನಲ್ಲಿ ಇಬ್ಬರೂ ಬೀದಿ ಬೀದಿ ಸುತ್ತುತ್ತಿದ್ದರು. ಹಾಲಿನವನಿಂದ ಹಿಡಿದು ವ್ಯಾಯಾಮಕ್ಕೆ ಹೊರಟ ಹಿರಿಯರವರೆಗೆ ಎಲ್ಲರೂ, ರಸ್ತೆಗೆ ಬಗ್ಗಿ ಕೋಲಿಗೆ ಕಿವಿ ಕೊಟ್ಟು ನಿಂತ ಹೆಂಗಸನ್ನು ಒಂದು ಗಳಿಗೆ ನಿಂತು ನೋಡುತ್ತಿದ್ದರು. ಹೆಸರು ಅಂಟಿಕೊಂಡದ್ದು ಆಗಲೇ. ದೊಡ್ಡಪ್ಪ ನಿವೃತ್ತರಾಗುವ ದಿನ ಕೋಲನ್ನು ಅವಳ ಕೈಗೇ ಇಟ್ಟು ಹೋದರು. ಆದರೆ ಅವರು ಹೋದ ಮೇಲೆ ಅವಳನ್ನು ಬೀದಿಗೆ ಕಳಿಸುವವರೇ ಇರಲಿಲ್ಲ. ಅವಳು ಮತ್ತೆ ಟೀ ತಟ್ಟೆ ಹಿಡಿದಳು.

ಅಷ್ಟರಲ್ಲಿ ಊರಿಗೆ ನೀರು ಸಾಲದೆಂಬ ಕೂಗು ಜೋರಾಯಿತು. ಬಹಳ ದೂರದ ಒಂದು ಸರೋವರದಿಂದ ಹೊಸ ಕೊಳವೆ ಎಳೆಯುವುದೆಂದು ನಗರಸಭೆಯಲ್ಲಿ ಮಾತು ನಡೆಯಿತು. ದಾರಿಯುದ್ದಕ್ಕೂ ಕಾಡು ಕಡಿಯಬೇಕು, ಮೂರು ಕಡೆ ಪಂಪು ಕೂರಿಸಬೇಕು, ಅವುಗಳಿಗೆ ಹಗಲಿರುಳು ಕರೆಂಟು ಬೇಕು. ಎಲ್ಲರೂ ತಲೆಯಾಡಿಸಿದ ಆ ಸಭೆಯಲ್ಲಿ ತಲೆಯಾಡಿಸದೆ ಕೂತವರು ಹೊಸದಾಗಿ ಬಂದಿದ್ದ ಮುಖ್ಯ ಎಂಜಿನಿಯರ್ ಮೇಡಂ. ಟೀ ಹಂಚಲು ಒಳಗೆ ಹೋಗಿದ್ದ ಕೋಲಕ್ಕ ಅವರ ಮಾತನ್ನು ತನ್ನ ಕಿವಿಯಾರೆ ಕೇಳಿದಳು.

"ನಮ್ಮ ಪಂಪ್‌ಹೌಸಿನಿಂದ ಹತ್ತು ಕೊಡ ನೀರು ಹೊರಟರೆ ಮನೆಗಳಿಗೆ ಸೇರೋದು ಆರು. ಆ ನಾಲ್ಕು ಕೊಡ ನೆಲದೊಳಗೆ ಹೋಗ್ತಾ ಇದೆ. ಅದನ್ನೂ ಕರೆಂಟು ಸುಟ್ಟೇ ಮೇಲೆತ್ತಿರ್ತೀವಿ. ಸೋರೋ ಕೊಡಕ್ಕೆ ಇನ್ನೊಂದು ಕೆರೆ ತಂದು ಸುರಿಯೋ ಬದಲು, ಮೊದಲು ತೂತು ಹುಡುಕೋಣ. ಒಂದು ವರ್ಷ ಕೊಡಿ."

"ಹುಡುಕೋರು ಯಾರು ಮೇಡಂ?" ಯಾರೋ ನಕ್ಕರು.

ಕೋಲಕ್ಕನ ಬಾಯಿಂದ ಮಾತು ಅವಳನ್ನು ಕೇಳದೆಯೇ ಹೊರಬಿತ್ತು. "ನಾನು ಹುಡುಕ್ತೀನಿ."

ಆಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿ, "ಆ ಟ್ರೇ ಅಲ್ಲಿಟ್ಟು ಇಲ್ಲಿ ಕೂತ್ಕೊಳಮ್ಮ" ಎಂದು ಪಕ್ಕದ ಕುರ್ಚಿ ಎಳೆದರು. ಹನ್ನೆರಡು ವರ್ಷ ಆ ಕೋಣೆಯ ಕುರ್ಚಿಗಳನ್ನೆಲ್ಲ ಒರೆಸಿದ್ದವಳು ಅಲ್ಲಿ ಕೂತದ್ದು ಅದೇ ಮೊದಲು.

ಕೆಲಸ ಬೇಕರಿ ಇದ್ದ ಬೀದಿಯಿಂದ ಶುರುವಾಯಿತು. ಆ ಬೀದಿಯ ಮೀಟರಿನ ಲೆಕ್ಕ ಯಾಕೋ ತಾಳೆಯಾಗುತ್ತಿರಲಿಲ್ಲ. ಮೂರು ದಿನ ಮುಂಜಾನೆ ಕೇಳಿ, ಬೇಕರಿಯ ಮೆಟ್ಟಿಲ ಮುಂದೆ ಸುಣ್ಣದ ಗೆರೆ ಎಳೆದು, "ಇಲ್ಲೇ" ಎಂದಳು. ಮೇಡಂ ಸಹಿ ಹಾಕಿದರು, ಅಗೆಯುವವರು ಬಂದರು. ಟಾರು ಹಾಕಿ ತಿಂಗಳೂ ಆಗಿರದ ರಸ್ತೆ. ಆಳುದ್ದ ತೋಡಿದರೂ ಮಣ್ಣು ಒಣಗಿದ ರಸ್ಕಿನ ಪುಡಿಯಂತೆ ಉದುರುತ್ತಿತ್ತು. ಪೈಪು ಗಟ್ಟಿಮುಟ್ಟಾಗಿತ್ತು. ಇನ್ನೆರಡು ಮಾರು ಆಚೆ ತೋಡಿಸಿದಳು. ಅಲ್ಲೂ ಅದೇ ಕತೆ.

ಜನ ಸೇರಿದರು. ಬೇಕರಿಯವನು ಹಿಟ್ಟಿನ ಕೈಯನ್ನು ಗಾಳಿಯಲ್ಲಾಡಿಸುತ್ತ, "ಟೀ ಹಂಚೋರನ್ನ ನಂಬ್ಕೊಂಡು ರಸ್ತೆ ಅಗೀತೀರಲ್ರೀ!" ಎಂದು ಕೂಗಿದ. ಕೋಲಕ್ಕನಿಗೆ ಅಲ್ಲೇ ಆ ಗುಂಡಿಯೊಳಗೇ ಇಳಿದು ಮಣ್ಣೆಳೆದುಕೊಳ್ಳೋಣ ಎನ್ನಿಸಿತು. ಆಗ ಮೇಡಂ ಗುಂಪನ್ನು ಸರಿಸಿಕೊಂಡು ಬಂದು ಅವಳ ಪಕ್ಕ ನಿಂತರು.

"ಗುಂಡಿ ತೋಡಿಸಿದ್ದು ನಾನು. ಕಾಗದದ ಮೇಲಿರೋ ಸಹಿ ನಂದು. ಬೈಯೋದಿದ್ರೆ ನನ್ನ ಬೈಯಿರಿ. ರಸ್ತೆ ಮುಚ್ಚಿಸಿಕೊಡೋದೂ ನನ್ನ ಕೆಲಸವೇ."

ಬೇಕರಿಯವನ ದನಿ ಇಳಿಯಿತು. ಮೇಡಂ ಅವಳತ್ತ ತಿರುಗಿ ಮೆಲ್ಲಗೆ ಕೇಳಿದರು, "ಸದ್ದು ಈಗಲೂ ಇದೆಯಾ?"

"ಇದೆ ಮೇಡಂ. ಆಣೆಗೂ ಇದೆ."

"ಹಾಗಾದ್ರೆ ಇನ್ನೊಂದು ಸಲ ಯೋಚಿಸು. ಎರಡು ದಿನ ತಗೋ."

ಅವಳು ಸೀದಾ ಹೋದದ್ದು ದೊಡ್ಡಪ್ಪನ ಮನೆಗೆ. ಅವರು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಎಲ್ಲ ಕೇಳಿಸಿಕೊಂಡು ಗಹಗಹಿಸಿ ನಕ್ಕರು. ಅವಳಿಗೆ ಅಳು ಬಂದಿತು.

"ಅಳಬೇಡ ಕಣೇ. ಸದ್ದು ಸುಳ್ಳು ಹೇಳಲ್ಲ, ಆದ್ರೆ ವಿಳಾಸ ಕೊಡೋ ಅಭ್ಯಾಸ ಅದಕ್ಕಿಲ್ಲ. ಆ ರಸ್ತೆ ಕೆಳಗೆ ನಮ್ಮ ಕಾಲದ್ದೊಂದು ಕಬ್ಬಿಣದ ಪೈಪಿದೆ. ಬಳಕೆ ನಿಂತು ಎಷ್ಟೋ ಕಾಲ ಆಯ್ತು, ಕಿತ್ತು ಹಾಕೋಕೆ ಯಾರಿಗೂ ಪುರುಸೊತ್ತಾಗ್ಲಿಲ್ಲ. ಯಾವ ನಕ್ಷೇಲೂ ಇಲ್ಲ. ಬೀದಿಯ ಏರಿನ ಮೇಲೆ ಎಲ್ಲೋ ಆಗ್ತಿರೋ ಸದ್ದನ್ನ ಅದು ಹೊತ್ಕೊಂಡು ಬಂದು ಬೇಕರಿ ಮುಂದೆ ಇಳಿಸ್ತಾ ಇದೆ. ನಡಿ, ಆಟೋ ಕರಿ."

ಮರುದಿನ ಬೆಳಗ್ಗೆ ದೊಡ್ಡಪ್ಪ ಊರುಗೋಲು ಹಿಡಿದು ಆ ಬೀದಿಯ ಏರನ್ನು ಹೆಜ್ಜೆ ಹೆಜ್ಜೆಗೂ ನಿಂತು ಹತ್ತಿದರು. ಹಳೆಯ ಪೈಪು ಹಾದುಹೋದ ಜಾಗಗಳನ್ನು ಅಂಗೈ ಗೆರೆಯಂತೆ ಬಲ್ಲವರು. ಅವರು ತೋರಿಸಿದಲ್ಲೆಲ್ಲ ಕೋಲಕ್ಕ ಕಿವಿಯಿಟ್ಟಳು. ಹೋಗುತ್ತ ಹೋಗುತ್ತ ಸದ್ದು ಏರಿತು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿಯೊಂದರ ಹಿತ್ತಲಿಗೆ ಬಂದಾಗ ಕೋಲು ಅವಳ ಕಿವಿಯಲ್ಲಿ ಗುಂಯ್ಯೆಂದಿತು. ಈಗ ಬಳಕೆಯಲ್ಲಿದ್ದ ಪೈಪು ಆ ಹಳೆಯದಕ್ಕೆ ತಾಗಿಕೊಂಡು ಹೋಗಿದ್ದದ್ದು ಅಲ್ಲೇ. ಪಕ್ಕದಲ್ಲೇ ಹೂತುಹೋದ ಹಳೇ ಚರಂಡಿ. ಸೋರಿದ ನೀರೆಲ್ಲ ಸದ್ದಿಲ್ಲದೆ ಅದರೊಳಗೆ ಜಾರಿ ನದಿಗೆ ಹೋಗುತ್ತಿದ್ದುದರಿಂದ ಮೇಲೆ ಒಂದು ಹನಿ ಒದ್ದೆಯೂ ಕಂಡಿರಲಿಲ್ಲ.

ಲಾಂಡ್ರಿಯ ಯಜಮಾನತಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಬೇಸಿಗೇಲೂ ನಮ್ಮ ನೆಲ ತಣ್ಣಗಿರುತ್ತೆ, ಕಟ್ಟಿದ ಮೇಸ್ತ್ರಿ ಕೈಗುಣ ಅಂದ್ಕೊಂಡಿದ್ದೆ!"

ಈ ಸಲ ಅಗೆಯುವವರು ಮೊಣಕಾಲುದ್ದ ಹೋಗುವಷ್ಟರಲ್ಲೇ ಮಣ್ಣು ಕೆಸರಾಯಿತು. ಇನ್ನೊಂದು ಹಾರೆಯೇಟಿಗೆ ನೀರು ಬುಸ್ಸೆಂದು ಚಿಮ್ಮಿ ಮೇಡಂ ಅವರ ಕನ್ನಡಕವನ್ನೂ ತೊಳೆಯಿತು. ಬೀದಿಯಲ್ಲಿ ಹೋ ಎಂದು ಕೂಗೆದ್ದಿತು. ಬೇಕರಿಯವನು ಒಂದು ತಟ್ಟೆ ಬಿಸಿ ಬನ್ನು ತಂದು, ಯಾರ ಮುಖವನ್ನೂ ನೋಡದೆ ಮೊದಲು ಕೋಲಕ್ಕನ ಮುಂದೆ ಹಿಡಿದ. ಅವಳು ಒಂದರ ಬದಲು ಎರಡು ಎತ್ತಿಕೊಂಡಳು. ಎರಡನೆಯದು ದೊಡ್ಡಪ್ಪನಿಗೆ.

ಸೋರುತ್ತಿದ್ದ ಆ ಪೈಪಿನ ಕೊನೆಯಲ್ಲಿದ್ದದ್ದು ಗುಡ್ಡದ ಮೇಲಿನ ಬಡಾವಣೆ. ಕೋಲಕ್ಕನ ಮನೆಯೂ ಅಲ್ಲೇ. ಅವಳೂ ಹೊಲಿಗೆ ಮಾಡುವ ಅವಳ ನಾದಿನಿಯೂ ಎರಡು ದಿನಕ್ಕೊಮ್ಮೆ ನೂಲಿನಂತೆ ಬರುವ ನೀರಿಗೆ ಸರದಿಯಲ್ಲಿ ಕಾದು, ಬಾರದ ದಿನ ಟ್ಯಾಂಕರಿನ ಹಿಂದೆ ಓಡಿ ಸಂಸಾರ ತೂಗಿಸಿದವರು. ಪೈಪು ಬೆಸೆದ ಮೂರನೆಯ ದಿನ ಹತ್ತು ಗಂಟೆಗೆ ನಾದಿನಿಯ ಫೋನು ಬಂತು.

"ಅತ್ತಿಗೇ, ನಮ್ಮ ನಲ್ಲಿಗೆ ಏನೋ ಆಗಿದೆ. ಕೆಮ್ತಾ ಇದೆ!"

"ಕೆಮ್ಮಲಿ ಬಿಡು. ಗಾಳಿ ಹೋಗ್ಲಿ, ಸುಮ್ನೆ ತೆರೆದಿಡು."

ಫೋನಿನಲ್ಲಿ ಖೊಕ್ ಖೊಕ್ ಎಂಬ ಸದ್ದು, ಆಮೇಲೆ ಧೋ ಎಂದು ಬಕೆಟ್ಟಿಗೆ ಬೀಳುವ ಸದ್ದು. ನಾದಿನಿ ಮೂಗೆಳೆಯುತ್ತ, "ಅತ್ತಿಗೇ, ಇವತ್ತು ವಾರದ ಸರದಿ ಬಿಟ್ಟು ತಲೆಗೆ ಸ್ನಾನ ಮಾಡ್ಲಾ?" ಎಂದಳು.

"ಮಾಡ್ಕೊಳ್ಳೇ. ಆಮೇಲೆ ನಲ್ಲಿ ನಿಲ್ಲಿಸೋದು ಮರೀಬೇಡ. ನನ್ನ ಮನೇಲೇ ಸೋರಿದ್ರೆ ಊರಿಗೆ ಮುಖ ತೋರಿಸೋ ಹಾಗಿಲ್ಲ."

ಆ ವರ್ಷ ನಲವತ್ತು ಸೋರಿಕೆ ಸಿಕ್ಕವು. ಆಮೇಲೆ ಸೋರಿಕೆ ಪತ್ತೆಗೆಂದೇ ಒಂದು ತಂಡವಾಯಿತು, ಎಂಟು ಜನ, ಅದರಲ್ಲಿ ಐವರು ಹೆಂಗಸರು. ಕಿವಿಗೆ ಹಾಕಿಕೊಳ್ಳುವ ಯಂತ್ರವೂ ಬಂತು. ಕೋಲಕ್ಕ ಮುನಿಸಿಕೊಳ್ಳುತ್ತಾಳೆಂದು ಕೆಲವರು ಕಾದರು. ಅವಳೋ ಅದನ್ನು ಹಾಕಿಕೊಂಡು ಕಣ್ಣರಳಿಸಿ, "ದೊಡ್ಡಪ್ಪನಿಗೆ ಇದು ಆಗಲೇ ಸಿಕ್ಕಿದ್ರೆ ಮಂಡಿ ಉಳೀತಿತ್ತು!" ಎಂದಳು. ಮೂರು ವರ್ಷದಲ್ಲಿ ನಾಲ್ಕು ಕೊಡದ ನಷ್ಟ ಎರಡಕ್ಕಿಳಿಯಿತು. ಸರೋವರದ ಯೋಜನೆ ಸದ್ಯಕ್ಕೆ ಬೇಡವೆಂದು ನಗರಸಭೆ ತೀರ್ಮಾನಿಸಿತು. ಕಾಡು ಇದ್ದಲ್ಲೇ ಇದೆ. ಪಂಪ್‌ಹೌಸಿನ ಮೂರು ಪಂಪುಗಳಲ್ಲಿ ಒಂದಕ್ಕೆ ಮಧ್ಯಾಹ್ನದ ವಿಶ್ರಾಂತಿ ಸಿಕ್ಕಿದೆ.

ಮೇಡಂ ನಿವೃತ್ತರಾದ ದಿನ ಬೀಳ್ಕೊಡುಗೆ ಸಭೆಯಲ್ಲಿ ಎರಡು ಮಾತಾಡೆಂದು ಅವಳನ್ನೂ ಎಬ್ಬಿಸಿದರು. ಬರೆದುಕೊಂಡು ಹೋಗಿದ್ದ ಚೀಟಿ ಬೆವರಿಗೆ ಮುದ್ದೆಯಾಗಿತ್ತು. "ನೀರು ಸಿಕ್ಕಿದ ದಿನ ನನ್ನ ಪಕ್ಕ ಇಡೀ ಬೀದಿ ನಿಂತಿತ್ತು. ಒಣಗುಂಡಿ ಸಿಕ್ಕಿದ ದಿನ ನೀವೊಬ್ರೇ ನಿಂತಿದ್ರಿ ಮೇಡಂ" ಎಂದಷ್ಟೇ ಹೇಳಿ ಕೂತುಬಿಟ್ಟಳು. ಮೇಡಂ ಎದ್ದು ಬಂದು ಅವಳನ್ನು ತಬ್ಬಿಕೊಂಡರು. ಯಾರಿಗೆ ಯಾರು ಸಮಾಧಾನ ಹೇಳುತ್ತಿದ್ದಾರೆಂದು ಸಭೆಗೆ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೆ ಕೋಲಕ್ಕ ತನ್ನ ತಂಡದೊಂದಿಗೆ ಆಸ್ಪತ್ರೆ ರಸ್ತೆಯಲ್ಲಿದ್ದಳು. ಅಲ್ಲಿನ ದೊಡ್ಡ ಪೈಪಿನಲ್ಲಿ ಏನೋ ಅನುಮಾನವಿತ್ತು. ಹೊಸದಾಗಿ ಸೇರಿದ ಹೆಂಗಸೊಬ್ಬಳು ಕಿವಿಯಿಟ್ಟು, "ಏನೂ ಕೇಳಿಸ್ತಿಲ್ವಲ್ಲಕ್ಕಾ" ಎಂದು ಪೆಚ್ಚುಮೋರೆ ಹಾಕಿದಳು. "ಕೇಳ್ಸುತ್ತೆ, ಗಡಿಬಿಡಿ ಮಾಡ್ಬೇಡ. ಈ ಬಸ್ಸೊಂದು ಹೋಗ್ಲಿ" ಎಂದು ಕೋಲಕ್ಕ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.