ಇಳಿಸಿದ ಗಾಳಿ

ಅಣ್ಣ ದೇವದುರ್ಗದಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ. ನಾನು ರಾಯಚೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ.

ಆ ಬೇಸಿಗೆಯಲ್ಲಿ ಮಾನ್ವಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ನಾನು ಬಸ್ಸು ಹಿಡಿದು ಮೊದಲೇ ಹೋಗಿದ್ದೆ. ಅಣ್ಣ ಅತ್ತಿಗೆಯನ್ನು ಕೂರಿಸಿಕೊಂಡು ಜೀಪಿನಲ್ಲಿ ಹೊರಟಿದ್ದ. ವಧೂವರರ ಮೇಲೆ ಅಕ್ಕಿಕಾಳು ಬಿದ್ದಾಗಲೂ ಇಬ್ಬರೂ ಬಂದಿರಲಿಲ್ಲ. ಊಟದ ಪಂಕ್ತಿ ಕೂತಾಗ ಫೋನು ಬಂತು. ನೇರ ರಸ್ತೆಯಲ್ಲಿ ಜೋರಾಗಿ ಬರುವಾಗ ಹಿಂದಿನ ಟೈರು ಒಡೆದು ಜೀಪು ಗದ್ದೆಗೆ ಉರುಳಿತ್ತು. ಅತ್ತಿಗೆ ಅಲ್ಲೇ ತೀರಿಹೋಗಿದ್ದಳು. ಅಣ್ಣನಿಗೆ ಮೊಣಕೈ ತರಚಿತ್ತು, ಅಷ್ಟೆ.

ದಿನಕರ್ಮ ಮುಗಿದ ಮೇಲೆ ಅಣ್ಣ ನನ್ನನ್ನು ಜಗುಲಿಗೆ ಕರೆದ.

“ತಂಗಿ, ನೀ ಇದನ್ನೆಲ್ಲ ಓದಾಕಿ. ಟೈರ್ ಯಾಕ ಒಡೀತು ಹೇಳು. ಬಿಸಿಲಿಗೆ ಉಬ್ಬಿ ಒಡೀಬಾರ್ದಂತ ಮುಂಜಾನೆ ನಾಕೂ ಟೈರಿನ ಗಾಳಿ ಇಳಿಸಿದ್ದೆ. ಆಕಿ ಕೂಡ ಇರ್ತಾಳಂತ ಇನ್ನೊಂದೀಟು ಜಾಸ್ತೀನ ಇಳಿಸಿದ್ದೆ.”

 ಸುಳ್ಳು ಹೇಳಿಬಿಡಬಹುದಿತ್ತು. ಆದರೆ ನಾಳೆ ಅವನು ಮತ್ತೆ ಜನರನ್ನು ತುಂಬಿಕೊಂಡು ಓಡಿಸುವವನು. ಹೇಳಿದೆ. ಟೈರು ಉರುಳುವಾಗ ನೆಲ ಮುಟ್ಟಿದ ಭಾಗ ಚಪ್ಪಟೆಯಾಗಿ ಮತ್ತೆ ಸೆಟೆಯುತ್ತದೆ. ಪ್ರತಿ ಸುತ್ತಿಗೂ ರಬ್ಬರು ಹೀಗೆ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಗಾಳಿ ಕಡಿಮೆಯಾದಷ್ಟೂ ಮಡಚುವುದೂ ಹೆಚ್ಚು, ಕಾವೂ ಹೆಚ್ಚು. ವೇಗ ಏರಿದರೆ ಒಂದು ಮಡಿಕೆ ಸರಿಹೋಗುವ ಮೊದಲೇ ಇನ್ನೊಂದು ಬರುತ್ತದೆ, ಟೈರಿನ ಮೈಮೇಲೆ ಅಲೆ ಏಳುತ್ತದೆ, ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಬಿಸಿಲಿಗೆ ಹಿಗ್ಗುವ ಗಾಳಿಯನ್ನು ಒಳ್ಳೆಯ ಟೈರು ತಡೆದುಕೊಳ್ಳುತ್ತದೆ, ಈ ಕಾವನ್ನಲ್ಲ.

ಅವನು ಕೈ ಸನ್ನೆ ಮಾಡಿ ನಿಲ್ಲಿಸಿದ. “ಗಾಳಿ ಬಿಡದಿದ್ರ ಆಕಿ ಉಳೀತಿದ್ಲೇನು?”

“ಟೈರೂ ಹಳೇದಿತ್ತಣ್ಣಾ. ಹಿಂಗ ಅಂತ ಹೇಳಾಕ ಬರಂಗಿಲ್ಲ.”

“ನಿನಗ ಬರಂಗಿಲ್ಲ,” ಎಂದು ಎದ್ದು ಒಳಗೆ ಹೋದ.

ಮತ್ತೆ ಅವನು ಸ್ಟೀರಿಂಗ್ ಹಿಡಿಯಲಿಲ್ಲ. ಮರುವರ್ಷ ಬಿಸಿಲು ಏರುತ್ತಿದ್ದಂತೆ ದಿನಾ ಜೀಪ್ ಸ್ಟ್ಯಾಂಡಿಗೆ ಹೋಗತೊಡಗಿದ. ಗಾಳಿ ಇಳಿಸಬೇಡಿ ಎಂದು ಡ್ರೈವರುಗಳಿಗೆ ಕೈಮುಗಿದು ಹೇಳುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ಅವನ ಜೊತೆ ವರ್ಷಗಟ್ಟಲೆ ಗಾಡಿ ಓಡಿಸಿದವನೊಬ್ಬ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಗಾಳಿ ಬಿಡುತ್ತಿದ್ದ.

“ನೀ ಮನಿಗೆ ಹೋಗೋ ಮಾರಾಯಾ. ಹೆಂಡ್ತಿ ಹೋದ ದುಃಖಕ್ಕ ನಿನಗ ತಲಿ ಸರಿ ಇಲ್ಲ,” ಅಂದ. ಮಾತಿನಲ್ಲಿ ಅಂತಃಕರಣವೇ ಇತ್ತು. ಗಾಳಿ ಸುಯ್ಯೆಂದು ಹೋಗುತ್ತಲೇ ಇತ್ತು. ನಾನು ವಿವರಿಸಲು ಹೋದೆ. “ಪುಸ್ತಕದ ಮಾತು ಬ್ಯಾರೆ ಇರ್ತದ ಯವ್ವಾ,” ಎಂದು ನಕ್ಕ. ಜನ ಹತ್ತಿದರು, ಜೀಪು ಹೊರಟಿತು.

ಈಗ ಅಣ್ಣ ಅಲ್ಲಿಗೂ ಹೋಗುವುದಿಲ್ಲ. ಮೊನ್ನೆ ಊರಿಗೆ ಹೋದಾಗ ತಟ್ಟೆ ಹಾಕಿ ಕರೆದೆ. “ನೀ ಉಣ್ಣು,” ಅಂದ. ಗೋಡೆಗೆ ಒರಗಿ ಕೂತವನು ಸಂಜೆ ನಾನು ಬಸ್ಸಿಗೆ ಹೊರಡುವಾಗಲೂ ಹಾಗೆಯೇ ಕೂತಿದ್ದ.